ಗುಡ್ಡದ ಮೇಲಿನ ಬಂಗಲೆ

ಪ್ರಿಯ ವಿದ್ಯಾರ್ಥಿಗಳೇ, ಸುರಪುರದ ಟೇಲರ್ ಮಂಜಿಲ್‌ಗೆ ನಿಮ್ಮನ್ನು ಕರೆದೊಯ್ದ ದಿನ ಕೆಲವರಿಗಾದರೂ ನೆನಪಿರಬಹುದು. ಅಂದು ಒಬ್ಬ ಹುಡುಗ ಕೇಳಿದ್ದ: "ಸರ್, ನಮ್ಮ ರಾಜರ ರಾಜ್ಯ ಕಸಗೊಂಡೋರ ಬಂಗ್ಲಾ ನಾವ್ಯಾಕ ಕಾಯಬೇಕ್ರಿ?" ನಾನು ಗದರಿಸಿ ಕೂರಿಸಿದೆ. ನಿಜವೆಂದರೆ, ನನ್ನಲ್ಲಿ ಉತ್ತರವಿರಲಿಲ್ಲ.

ಫಿಲಿಪ್ ಮೆಡೋಸ್ ಟೇಲರ್ 1841ರಿಂದ 1853ರವರೆಗೆ ಸುರಪುರದ ಆಡಳಿತ ನೋಡಿಕೊಂಡರು. ಆ ಕಾಲದಲ್ಲಿಯೇ ಈ ಬಂಗಲೆಯನ್ನು ಕಟ್ಟಿಸಿದರು. ಬಾಲಕ ವೆಂಕಟಪ್ಪ ನಾಯಕ ಅವರನ್ನು 'ಅಪ್ಪ' ಎಂದೇ ಕರೆಯುತ್ತಿದ್ದನಂತೆ. ಅದೇ ಬಾಲಕ ಬೆಳೆದು 1858ರಲ್ಲಿ ಬ್ರಿಟಿಷರ ವಿರುದ್ಧ ನಿಂತ, ಸೆರೆಯಾದ, ಅದೇ ವರ್ಷ ಗುಂಡಿನೇಟಿನಿಂದ ತೀರಿಕೊಂಡ. ಟೇಲರ್ ತಮ್ಮ ಆತ್ಮಕಥೆಯಲ್ಲಿ ಇದನ್ನೆಲ್ಲ ಬರೆದಿಟ್ಟಿದ್ದಾರೆ. ಅಂದಮೇಲೆ ಆ ಬಂಗಲೆಯ ಗೋಡೆಗಳು ದೊರೆಯ ಕಥೆಗೂ ಸಾಕ್ಷಿಯಲ್ಲವೇ? ಇಷ್ಟು ಹೊಳೆಯಲು ನನಗೆ ನಿವೃತ್ತಿಯೇ ಬರಬೇಕಾಯಿತು.

ಹಳೆಯ ಗಾರೆಗೋಡೆಗೆ ಸಿಮೆಂಟು ಬಳಿದರೆ ತೇವ ಒಳಗೇ ನಿಂತು ಗೋಡೆ ಕೊಳೆಯುತ್ತದೆ. ದುರಸ್ತಿಗೆ ಸುಣ್ಣದ ಗಾರೆಯೇ ಬೇಕು. ಬಿರುಕಿನಲ್ಲಿ ಹುಟ್ಟಿದ ಅರಳಿ ಸಸಿ ಕಲ್ಲನ್ನೇ ಸೀಳುತ್ತದೆ. ನಮ್ಮ ತಂದೆ ಪ್ರತಿ ಮಳೆಗಾಲಕ್ಕೆ ಮುನ್ನ ಮಣ್ಣಿನ ಮಾಳಿಗೆ ಹತ್ತಿ, ಹುಲ್ಲು ಕಿತ್ತು, ಹೊಸ ಮಣ್ಣು ಹಾಕಿ ತುಳಿಯುತ್ತಿದ್ದರು. ಆ ಎಚ್ಚರ ಸರ್ಕಾರಿ ಕಟ್ಟಡಗಳಿಗೆ ದೊರೆಯುವುದು ಅಪರೂಪ.

ಆ ಹುಡುಗ ಇದನ್ನು ಓದುತ್ತಿದ್ದರೆ, ತಮ್ಮಾ, ಉತ್ತರ ಬಹಳ ತಡವಾಯಿತು. ಊರಿಗೆ ಬಂದಾಗ ತಿಳಿಸು. ಇನ್ನೊಮ್ಮೆ ಗುಡ್ಡ ಹತ್ತೋಣ.