ಬೇಟೆನಾಯಿಗೊಂದು ವೀರಗಲ್ಲು

ಬೇಟೆಯ ಕಥೆಯನ್ನು ಹೇಳುವವನು ಸಾಮಾನ್ಯವಾಗಿ ಕುದುರೆಯ ಮೇಲೆ ಕುಳಿತವನು. ಆದ್ದರಿಂದಲೇ ಅದರಲ್ಲಿ ಅವನ ಧೈರ್ಯದ ವರ್ಣನೆ ಹೆಚ್ಚು. ನೆಲದ ಮೇಲೆ ಓಡಿದ ಜೀವಗಳ ಮಾತು ಕಡಮೆ. ಧನುರ್ಮಾಸದ ಬೆಳಗಿನಲ್ಲಿ ಚಾಮುಂಡಿ ಬೆಟ್ಟವನ್ನು ಮಂಜು ಮುಸುಕಿರುವಾಗ, ಮೈಸೂರಿನ ಪೊಲೀಸು ಅಶ್ವದಳದ ಗೊರಸಿನ ಸದ್ದು ಕಿವಿಗೆ ಬಿದ್ದರೆ ನನಗೆ ಈ ಯೋಚನೆ ಬರುತ್ತದೆ. ನಮ್ಮೂರಿಗೆ ಬೇಟೆಯ ನೆನಪೇನೂ ದೂರದ್ದಲ್ಲ. ಇಂದು ಹುಲಿಗಳಿಗೆ ಆಶ್ರಯವಾಗಿರುವ ಬಂಡೀಪುರ ಒಂದು ಕಾಲಕ್ಕೆ ನಮ್ಮ ಅರಸರ ಬೇಟೆಯ ಕಾಡಾಗಿತ್ತು.

ಬಂಡೀಪುರವನ್ನು ದಾಟಿ ಬೆಟ್ಟವೇರಿದರೆ ಊಟಿ. ಕುದುರೆಯೇರಿ, ನಾಯಿಗಳ ಹಿಂಡನ್ನು ಮುಂದೆ ಬಿಟ್ಟು ಆಡುವ ತಮ್ಮ ನಾಡಿನ ಬೇಟೆಯನ್ನು ಆಂಗ್ಲರು ಅಲ್ಲಿಗೂ ತಂದರು. ಇಂಗ್ಲೆಂಡಿನ ಕೆಂಪು ನರಿಯ ಸ್ಥಾನಕ್ಕೆ ಇಲ್ಲಿಯ ಗುಳ್ಳೆನರಿ ಬಂತು. ಅವರ ನಾಯಿಗಳು ಕಣ್ಣಿಗಿಂತ ಮೂಗನ್ನು ನಂಬುವಂಥವು. ನೆಲ ತಣ್ಣಗೆ, ತೇವವಾಗಿದ್ದರೆ ಓಡಿಹೋದ ಪ್ರಾಣಿಯ ವಾಸನೆ ಹುಲ್ಲಿನ ಬುಡದಲ್ಲೇ ನಿಲ್ಲುತ್ತದೆ, ಬಿಸಿಲೇರಿದರೆ ಚೆದುರಿಹೋಗುತ್ತದೆ. ಇಂಗ್ಲೆಂಡಿನಲ್ಲಿ ಈ ಬೇಟೆಗೆ ಚಳಿಗಾಲವೇ ಪ್ರಶಸ್ತವಾದದ್ದು ಇದರಿಂದ. ನಮ್ಮ ಬಯಲುಸೀಮೆಯ ಒಣನೆಲಕ್ಕೆ ಒಗ್ಗಿದ ಮುಧೋಳದ ನಾಯಿಯ ರೀತಿಯೇ ಬೇರೆ. ಸಣ್ಣ ನಡು, ನೀಳವಾದ ಕಾಲು. ಕಣ್ಣಿಗೆ ಕಂಡದ್ದನ್ನು ಓಡಿ ಹಿಡಿಯುವುದು ಅದರ ಹುಟ್ಟುಗುಣ. 2005ರಲ್ಲಿ ಅಂಚೆಯ ಇಲಾಖೆ ಅದರ ಚಿತ್ರವುಳ್ಳ ಅಂಚೆಚೀಟಿಯನ್ನೇ ಹೊರಡಿಸಿತು.

ಅಂಚೆಚೀಟಿಗಿಂತ ಹಿರಿದಾದ ಗೌರವವೊಂದು ನಮ್ಮ ನೆರೆಯ ಮಂಡ್ಯ ಜಿಲ್ಲೆಯಲ್ಲಿ, ಸಾವಿರ ವರ್ಷಗಳಿಗೂ ಹಿಂದೆ, ಬೇಟೆನಾಯಿಯೊಂದಕ್ಕೆ ಸಂದಿತ್ತು. ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ ಆ ಕಥೆಯನ್ನು ಹೇಳುತ್ತದೆ. ಕ್ರಿ.ಶ. 949ರಲ್ಲಿ ತಕ್ಕೋಲದ ಕಾಳಗದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಪಕ್ಷದಲ್ಲಿ ಗಂಗರ ದೊರೆ ಬೂತುಗನು ಚೋಳರೊಡನೆ ಹೋರಾಡಿದನು. ಬೂತುಗನ ಬಂಟ ಮಣಲೇರನ ಪರಾಕ್ರಮವನ್ನು ಮೆಚ್ಚಿ, ಬೇಕಾದುದನ್ನು ಕೇಳೆಂದಾಗ ಅವನು ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು!

ಹಾಗೆ ಬೇಡಿ ಪಡೆದ ನಾಯಿಯನ್ನು ಅವನು ಜೋಪಾನವಾಗಿ ಮನೆಯಲ್ಲಿ ಕಟ್ಟಿಕೊಳ್ಳಲಿಲ್ಲ. ಬೇಟೆನಾಯಿಯ ಮೇಲಿನ ಪ್ರೀತಿ ಬಲು ವಿಚಿತ್ರವಾದುದು. ಅದನ್ನು ಅಪಾಯಕ್ಕೆ ಒಡ್ಡಿಯೇ ಅದರ ಹೆಮ್ಮೆಯನ್ನು ನೋಡಬೇಕು. ಬೆಳತೂರಿನ ಪಡುವಣ ಗುಡ್ಡದಲ್ಲಿ ಹಿರಿಯದೊಂದು ಕಾಡುಹಂದಿಯ ಮೇಲೆ ಕಾಳಿಯನ್ನು ಬಿಟ್ಟರು. ಎರಡೂ ಕಾದಾಡಿ ಎರಡೂ ಮಡಿದವು. ಮಣಲೇರನು ಆತಕೂರಿನ ಶಿವಾಲಯದ ಮುಂದೆ ಕಲ್ಲನ್ನು ನಿಲ್ಲಿಸಿದನು. ಅದರ ಪೂಜೆಗೆಂದು ಭೂಮಿಯನ್ನು ಬಿಟ್ಟನು. ವೀರಗಲ್ಲು ರಣದಲ್ಲಿ ಬಿದ್ದ ಗಂಡುಗಲಿಗಳಿಗೆ ಸಲ್ಲುತ್ತಿದ್ದ ಮರ್ಯಾದೆ. ಅದು ಒಂದು ನಾಯಿಗೆ, ಅದರ ಹೆಸರಿನ ಸಮೇತ ಸಂದದ್ದು ಸಾಮಾನ್ಯವೆ? ಈಗ ಆ ಕಲ್ಲು ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದ ಸೊತ್ತು.

ಮನೆಯ ಮಕ್ಕಳಿಗೆ ಈ ಕಥೆಯನ್ನು ಹೇಳಿದಾಗ ನಾಯಿಯ ಸಾಹಸಕ್ಕೆ ಅವರ ಕಣ್ಣು ಅರಳಿತು. ಆದರೆ ಚಿಕ್ಕವಳು ಮಾತ್ರ, "ಹಂದಿಗೆ ಯಾರು ಕಲ್ಲು ನೆಟ್ಟರು?" ಎಂದು ಕೇಳಿದಳು. ಅದೇ ಕಲ್ಲಿನಲ್ಲಿ ನಾಯಿಯೊಡನೆ ಸೆಣಸುತ್ತಿರುವ ಹಂದಿಯ ಚಿತ್ರವನ್ನೂ ಕಡೆದಿದ್ದಾರೆಂದು ಹೇಳಿದೆ. "ಅದಕ್ಕೆ ಹೆಸರು?" ಎಂದಳು. ಹೆಸರಿಲ್ಲ. ಸಾಕಿದ ಜೀವಕ್ಕೆ ನಾವು ಹೆಸರಿಡುತ್ತೇವೆ, ಅದಕ್ಕಾಗಿ ಅಳುತ್ತೇವೆ. ಬೆನ್ನಟ್ಟಿಸಿಕೊಂಡ ಜೀವಕ್ಕೆ ಅಳುವವರಿಲ್ಲ.

1972ರಲ್ಲಿ ನಮ್ಮಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂತು. 1973ರಲ್ಲಿ ಬಂಡೀಪುರ ಹುಲಿ ಯೋಜನೆಗೆ ಸೇರಿತು. ನಾಯಿಗಳನ್ನು ಬಿಟ್ಟು ನರಿಯನ್ನು ಬೇಟೆಯಾಡುವುದನ್ನು ಇಂಗ್ಲೆಂಡಿನಲ್ಲೂ 2004ರ ಕಾನೂನು ನಿಷೇಧಿಸಿತು. ಕಾಳಿಗೆ ಸತ್ತೊಡನೆ ಕಲ್ಲಿನ ಶಾಸನ ದೊರೆಯಿತು. ಹೆಸರಿಲ್ಲದ ಹಂದಿ, ನರಿಗಳ ಕಡೆಗೆ ಮನುಷ್ಯನ ಶಾಸನ ತಿರುಗಿ ನೋಡಲು ಸಾವಿರ ವರ್ಷ ಹಿಡಿಯಿತು. ತಡವಾದರೂ ನೋಡಿತಲ್ಲ ಎಂಬುದೇ ಸಮಾಧಾನ.