ಮನೆಗೆ ಬಂದ ಜಗಳಗಂಟ ಮೀನು

ಅಕ್ಕಲಕೋಟೆಯಲ್ಲಿ ನಮ್ಮದು ಮೂರು ತಲೆಮಾರಿನ ಅರಿವೆ ಅಂಗಡಿ. ಮನೆಯಲ್ಲಿ ಆಕಳು ಸಾಕಿದ್ದೇವೆ, ಅಂಗಡಿ ಮುಂದೆ ಪಾರಿವಾಳಗಳಿಗೆ ಜೋಳ ಚೆಲ್ಲಿದ್ದೇವೆ. ಮೀನು ಸಾಕಿದವನು ಮಾತ್ರ ನಮ್ಮ ವಂಶದಲ್ಲಿ ನಾನೇ ಮೊದಲಿಗ. ಅದೂ ಹೌಸಿನಿಂದ ಅಲ್ಲ, ಭಿಡೆಯಿಂದ.

2022ರ ದೀಪಾವಳಿಗೆ ಲೆಕ್ಕ ಚುಕ್ತಾ ಮಾಡಲು ಬಂದ ಪುಣೆಯ ವ್ಯಾಪಾರಿ ಮಿತ್ರರೊಬ್ಬರು ನನ್ನ ಮಗನಿಗೆಂದು ಎರಡು ಅಡಿ ಉದ್ದದ ಗಾಜಿನ ಪೆಟ್ಟಿಗೆಯನ್ನೂ ಎರಡು ಮೀನುಗಳನ್ನೂ ತಂದುಕೊಟ್ಟರು. ಹಳದಿ ಮೈ, ಅದರ ಮೇಲೆ ಉದ್ದಕ್ಕೂ ಕರಿ ಪಟ್ಟೆ. ಮಿಠಾಯಿ ಡಬ್ಬಿಯಾಗಿದ್ದರೆ ಓಣಿಗೆ ಹಂಚಿಬಿಡಬಹುದಿತ್ತು. ಜೀವವನ್ನು ಏನು ಮಾಡುವುದು?

"ಕಟ್ಟಿ ಹಾಕೋದು ದೋಷ ಅಂತ ನಿನಗ ಯಾರೂ ಹೇಳಿಲ್ಲೇನಪಾ? ನಾಳೆ ಕುರನೂರ ಧರಣದಾಗ ಬಿಟ್ಟು ಬಾ" ಅಂದಳು ಅವ್ವ. ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಬಂಧವೂ ಒಂದೆಂದು ಚಿಕ್ಕಂದಿನಲ್ಲಿ ಪಾಠಶಾಲೆಯಲ್ಲಿ ಬಾಯಿಪಾಠ ಮಾಡಿದವನು ನಾನು. ಉತ್ತರ ಕೊಡಲಿಲ್ಲ, ಮೀನು ಬಿಡಲೂ ಇಲ್ಲ. ಮಗ ಆ ಪೆಟ್ಟಿಗೆಯ ಮುಂದಿನಿಂದ ಏಳುತ್ತಲೇ ಇರಲಿಲ್ಲ.

ಎರಡು ತಿಂಗಳಾದ ಮೇಲೆ ಒಂದು ಮೀನು ಬಣ್ಣ ಬದಲಿಸಿತು. ಹಳದಿ ಮೈ ಕಪ್ಪಾಯಿತು, ಕರಿ ಪಟ್ಟೆಯ ಜಾಗದಲ್ಲಿ ತಿಳಿ ಪಟ್ಟೆ ಬಂತು. ಹೊಸ ಮೀನು ಬಂದಿದೆ ಎಂದು ಮಗ ಕುಣಿದಾಡಿದ. ಅವತ್ತಿನಿಂದಲೇ ಅದು ಜೊತೆಗಾರನನ್ನು ಅಟ್ಟತೊಡಗಿತು. ಅಟ್ಟಿಸಿಕೊಂಡದ್ದು ಮೇಲಿನ ಮೂಲೆಯಲ್ಲಿ, ನೀರಿನ ಅಂಚಿಗೆ ಬಾಯಿ ಹಚ್ಚಿ ನಿಂತಿತು. ರೆಕ್ಕೆ ಹರಿದು ಎಳೆ ಎಳೆಯಾಗಿತ್ತು. ಹಸಿವೆಯಿಂದ ಕಚ್ಚಾಡುತ್ತಿವೆ ಎಂದು ತಿಳಿದು ನಾನು ಇನ್ನಷ್ಟು ಕಾಳು ಹಾಕಿದೆ. ಮೂರನೆಯ ಬೆಳಿಗ್ಗೆ ಅದು ಸತ್ತು ತೇಲುತ್ತಿತ್ತು. ಮಗ ಶಾಲೆಗೆ ಹೋಗಲಿಲ್ಲ. ಅವ್ವ ಆ ದಿನ ಉಪವಾಸ ಮಾಡಿದಳು, ಯಾರಿಗೂ ಒಂದು ಮಾತು ಅನ್ನಲಿಲ್ಲ. ಅಂದಿದ್ದರೆ ನನಗೆ ಹಗುರಾಗುತ್ತಿತ್ತು.

ಸೋಲಾಪುರದಲ್ಲಿ ಪ್ರಾಣಿಶಾಸ್ತ್ರ ಕಲಿಸುವ ಅಧ್ಯಾಪಕರೊಬ್ಬರು ನಮ್ಮ ಹಳೆಯ ಗಿರಾಕಿ. ಅವರ ಮುಂದೆ ಎಲ್ಲ ಹೇಳಿಕೊಂಡೆ. "ಇದು ಔರೇಟಸ್ ಅನ್ನುವ ಸಿಕ್ಲಿಡ್. ಬಣ್ಣ ಬದಲಿಸಿದ್ದು ಗಂಡು" ಎಂದರು. ಇದರ ತವರು ಆಫ್ರಿಕದ ಮಲಾವಿ ಸರೋವರ. 500 ಕಿಲೋಮೀಟರಿಗೂ ಹೆಚ್ಚು ಉದ್ದ, ಆಳ 700 ಮೀಟರಿನಷ್ಟು. ದಂಡೆಯ ಬಂಡೆಗಳ ನಡುವೆ ಇಂಥ ನೂರಾರು ಜಾತಿಗಳು ವಾಸ ಮಾಡುತ್ತವೆ. ಬಂಡೆಗೆ ಅಂಟಿದ ಪಾಚಿಯನ್ನು ಹೆರೆದು ತಿನ್ನುವುದೇ ಇವುಗಳ ಬದುಕು. ಒಂದೊಂದು ಗಂಡೂ ತನ್ನ ಬಂಡೆ ಕಾಯುತ್ತದೆ. ಸೋತದ್ದು ಓಡಿಹೋಗಿ ಇನ್ನೊಂದು ಬಂಡೆ ಹಿಡಿಯುತ್ತದೆ, ಜಗಳ ಅಲ್ಲಿಗೆ ಮುಗಿಯುತ್ತದೆ. "ನಿಮ್ಮ ಎರಡಡಿ ಪೆಟ್ಟಿಗೆಯಲ್ಲಿ ಅದು ಓಡುವುದಾದರೂ ಎಲ್ಲಿಗೆ?" ಎಂದು ಕೇಳಿದರು. ಆ ಪ್ರಶ್ನೆ ಮೀನಿಗಲ್ಲ, ನನಗೆ.

ಪಾಚಿ ತಿನ್ನುವ ಪ್ರಾಣಿ ಇಷ್ಟು ಜಗಳಗಂಟ ಹೇಗಾಯಿತು ಎಂಬುದು ಅವ್ವನಿಗೆ ಬಹಳ ದಿನ ಬಗೆಹರಿಯಲಿಲ್ಲ. ಕಾಸರಗೋಡಿನ ಓದುಗರಿಗೆ ಒಂದು ಮಾತು. ಕೇರಳ ಸರಕಾರ 2010ರಲ್ಲಿ ರಾಜ್ಯದ ಮೀನೆಂದು ಸಾರಿದ, ನಿಮ್ಮ ಕಡೆಯ ಹೋಟೆಲ್ ಫಲಕಗಳಲ್ಲಿ ಕಾಣುವ ಕರಿಮೀನೂ ಇದೇ ಕುಲದ್ದಂತೆ.

ಧರಣಕ್ಕೆ ಬಿಡುವ ಮಾತು ಎತ್ತಿದಾಗ ಅಧ್ಯಾಪಕರು ಖಂಡಿತ ಬೇಡ ಎಂದರು. 1952ರಲ್ಲಿ ಆಫ್ರಿಕದ ಇನ್ನೊಂದು ಸಿಕ್ಲಿಡ್ ತಿಲಾಪಿಯಾವನ್ನು ನಮ್ಮ ದೇಶಕ್ಕೆ ತಂದರು. ಅದು ಕೆರೆಕಟ್ಟೆಗಳಲ್ಲಿ ಹಬ್ಬಿ ಊರಿನ ಮೀನುಗಳ ಜಾಗ ನುಂಗಿದೆ. ದಯೆಯಿಂದ ಒಂದನ್ನು ಬಿಟ್ಟು ನೂರಕ್ಕೆ ಕಂಟಕ ತರುವುದು ಬೇಡ, ಮನೆಗೆ ಬಂದದ್ದನ್ನು ಸರಿಯಾಗಿ ಇಟ್ಟುಕೊಳ್ಳಿ ಎಂದರು. ಅವ್ವನಿಗೆ ಇದು ಒಪ್ಪಿಗೆಯಾಯಿತು. "ಹಂಗಾದ್ರ ನೆಟ್ಟಗ ಮನಿ ಕಟ್ಟಿ ಕೊಡು ಅದಕ್ಕ" ಅಂದಳು.

ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಪೆಟ್ಟಿಗೆ ಮಾಡಿಸಿದೆ. ತುಂಬಿದರೆ ಸುಮಾರು 250 ಲೀಟರ್, ಎಂದರೆ ನೀರಿನ ತೂಕವೇ ಎರಡೂವರೆ ಕ್ವಿಂಟಾಲ್. ಕಟ್ಟಿಗೆಯ ಮೇಜು ನೆಚ್ಚಲಾಗದು, ಕಬ್ಬಿಣದ ಸ್ಟ್ಯಾಂಡೇ ಬೇಕು. ಗಾಜಿನ ಕೆಳಗೆ ಥರ್ಮೋಕೋಲ್ ಹಾಸಬೇಕು. ಮೊದಲು ಕಲ್ಲು, ಆಮೇಲೆ ಮರಳು. ಈ ಮೀನುಗಳು ಮರಳು ತೋಡುತ್ತವೆ, ಮರಳಿನ ಮೇಲೆ ಕಲ್ಲಿಟ್ಟರೆ ಕುಸಿದು ಗಾಜು ಒಡೆಯುತ್ತದೆ. ಹೊಲದ ಬದುವಿನ ಕರಿಕಲ್ಲು ತಿಕ್ಕಿ ತೊಳೆದು ತಂದೆವು. ಅಂಗಳದಲ್ಲಿ ಉಳಿದಿದ್ದ ಶಹಾಬಾದ್ ಫರಸಿಯ ತುಂಡುಗಳನ್ನೂ ಸೇರಿಸಿದೆವು. ಅದರ ಮೇಲೆ ಲಿಂಬೆರಸ ಬಿಟ್ಟರೆ ಬುರುಬುರು ಅನ್ನುತ್ತದೆ, ಸುಣ್ಣದ ಕಲ್ಲು. ಬೇರೆ ಮೀನುಗಳಿಗೆ ಆಗದ್ದು ಇವಕ್ಕೆ ಹಿತ, ಮಲಾವಿಯ ನೀರೂ ಕ್ಷಾರದ್ದೇ. ನಮ್ಮ ಬೋರಿನ ಗಡಸು ನೀರು ಹಂಡೆಯ ತಳಕ್ಕೆ ಬಿಳಿ ಚೆಕ್ಕೆ ಕಟ್ಟಿಸುತ್ತದೆ ಎಂದು ಇಪ್ಪತ್ತು ವರ್ಷ ಬೈದಿದ್ದೇನೆ. ಅದಕ್ಕೂ ಒಬ್ಬ ಗಿರಾಕಿ ಸಿಕ್ಕಂತಾಯಿತು!

ಕಲ್ಲು ಜೋಡಿಸುವುದೇ ನಿಜವಾದ ಕೆಲಸ. ಮೀನುಗಳ ಸಂಖ್ಯೆಗಿಂತ ಗವಿಗಳು ಹೆಚ್ಚಿರಬೇಕು, ಪ್ರತಿ ಗವಿಗೂ ಎರಡು ಬಾಗಿಲು ಇರಬೇಕು. ಈ ತುದಿಯಲ್ಲಿ ನಿಂತವನಿಗೆ ಆ ತುದಿ ಕಾಣಬಾರದು. ಕಾಣದ್ದನ್ನು ಅಟ್ಟುವ ಉಮೇದು ಬರುವುದಿಲ್ಲ.

ನೀರು ತುಂಬಿ ಐದು ವಾರ ಕಾಯಿಸಿದೆವು. ಮೀನಿನ ಹೊಲಸಿನಿಂದ ಹುಟ್ಟುವ ಅಮೋನಿಯಾ ವಿಷ. ಅದನ್ನು ನೈಟ್ರೈಟ್, ಆಮೇಲೆ ಅಷ್ಟು ಕೇಡಿಲ್ಲದ ನೈಟ್ರೇಟ್ ಮಾಡುವ ಸೂಕ್ಷ್ಮಾಣುಗಳು ಫಿಲ್ಟರಿನ ಸ್ಪಂಜಿನಲ್ಲಿ ನೆಲೆಗೊಳ್ಳಲು ಅಷ್ಟು ದಿನ ಬೇಕು. ಸ್ಪಂಜನ್ನು ಕ್ಲೋರಿನ್ ಹಾಕಿದ ನಳದ ನೀರಿನಲ್ಲಿ ತೊಳೆದರೆ ಅವು ಸಾಯುತ್ತವೆ, ಪೆಟ್ಟಿಗೆಯಿಂದ ತೆಗೆದ ನೀರಿನಲ್ಲೇ ತೊಳೆಯಬೇಕು. ಇದನ್ನು ಅವ್ವನಿಗೆ ತಿಳಿಸಿ ಹೇಳುವ ಪ್ರಸಂಗವೇ ಬರಲಿಲ್ಲ. ನೀರು ಸೋಸಿದ ಅರಿವೆಯನ್ನು ತಿರುವಿ, ಅದರೊಳಗಿನ ಜೀವಗಳನ್ನು ಅದೇ ಬಾವಿಗೆ ಸೇರಿಸುತ್ತ ಬೆಳೆದವಳು ಅವಳು.

ಕಪ್ಪು ಗಂಡನ್ನು ಒಂಟಿಯಾಗಿ ಇಟ್ಟರೆ ಸಾಲದೇ ಎಂದು ನನಗೂ ಅನ್ನಿಸಿತ್ತು. ಅಷ್ಟರಲ್ಲಿ ಸೋಲಾಪುರದ ಒಂದು ಕುಟುಂಬ ಊರು ಬಿಡುವವರಿದ್ದು, ತಮ್ಮ ಹನ್ನೊಂದು ಮೀನುಗಳನ್ನು ಯಾರಾದರೂ ಒಯ್ದರೆ ಸಾಕೆಂದು ಕಾಯುತ್ತಿರುವುದು ತಿಳಿಯಿತು. ಐದು ಔರೇಟಸ್ ಹೆಣ್ಣು, ಆರು ಸೌಮ್ಯ ಸ್ವಭಾವದ ಹಳದಿ ಮೀನು. ಕೊಳ್ಳುವುದಿಲ್ಲವಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಇಬ್ಬರಿದ್ದರೆ ಒಬ್ಬನ ಮೇಲೇ ಪೆಟ್ಟು, ಹನ್ನೆರಡಿದ್ದರೆ ಪೆಟ್ಟು ಹಂಚಿಹೋಗುತ್ತದೆ ಎಂದು ಅಧ್ಯಾಪಕರೂ ಧೈರ್ಯ ಕೊಟ್ಟರು. ಗಂಡನ್ನು ಬಕೆಟ್ಟಿಗೆ ತೆಗೆದು, ಕಲ್ಲುಗಳನ್ನೆಲ್ಲ ಬದಲಿಸಿ ಜೋಡಿಸಿ, ಹೊಸಬರನ್ನು ಮೊದಲು ಬಿಟ್ಟು, ದೀಪ ಆರಿಸಿ, ಕೊನೆಗೆ ಅದನ್ನು ಬಿಟ್ಟೆವು. ಪೇಟೆಯ ಗಾಳೆಗಳೆಲ್ಲ ಅದಲು ಬದಲಾದ ಮೇಲೆ ಊರಿಗೆ ಮರಳಿದ ಹಳೆಯ ಸಾಹುಕಾರನ ಹಾಗೆ ನಾಲ್ಕು ದಿನ ತಡಕಾಡಿತು. ಅಟ್ಟುವುದು ಇವತ್ತಿಗೂ ಬಿಟ್ಟಿಲ್ಲ, ಆದರೆ ಯಾವುದೂ ಸತ್ತಿಲ್ಲ.

ಆಹಾರದ್ದೇ ತೊಡಕು. ಡಬ್ಬಿಯ ಮುಂದೆ ದೊಡ್ಡದಾಗಿ ಸ್ಪಿರುಲಿನಾ ಎಂದಿದ್ದರೂ ಹಿಂದೆ ಸಣ್ಣ ಅಕ್ಷರದಲ್ಲಿ ಮೀನಿನ ಪುಡಿ ಇತ್ತು. ಸೊಪ್ಪು ಬೇಯಿಸಿ ಹಾಕೋಣವೆಂದರೆ ಚಾತುರ್ಮಾಸದಲ್ಲಿ ನಮ್ಮ ಮನೆಗೆ ಸೊಪ್ಪು ಬರುವುದಿಲ್ಲ. ಕೊನೆಗೆ ಒಣ ಬಟಾಣಿ ನೆನೆಸಿ ಬೇಯಿಸಿ, ಸಿಪ್ಪೆ ತೆಗೆದು ಅರೆದು, ಔಷಧದ ಅಂಗಡಿಯ ಸ್ಪಿರುಲಿನಾ ಗುಳಿಗೆ ಪುಡಿ ಮಾಡಿ ಬೆರೆಸಿ, ಚೈನಾ ಗ್ರಾಸ್ ಕರಗಿಸಿ ಹಾಕಿ ತಾಟಿನಲ್ಲಿ ವಡಿ ಕಟ್ಟುತ್ತೇವೆ. ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು, ದಿನಕ್ಕೆ ಎರಡು ಸಲ. ಸರೋವರದಲ್ಲಿ ಪಾಚಿಯ ಜೊತೆಗೆ ಅದರೊಳಗಿನ ಹುಳುಗಳೂ ಹೊಟ್ಟೆಗೆ ಹೋಗುತ್ತವೆ, ಬರೀ ಬಟಾಣಿಯಲ್ಲಿ ಎಲ್ಲವೂ ಸಿಗದು ಎಂದು ಅಧ್ಯಾಪಕರು ಎಚ್ಚರಿಸಿದ್ದಾರೆ. ಈ ಕೊರಗು ನನಗೆ ತಪ್ಪಿಲ್ಲ.

2024ರ ಮೇ ತಿಂಗಳ ಒಂದು ರಾತ್ರಿ ಕರೆಂಟು ಹೋಯಿತು. ಫಿಲ್ಟರ್ ನಿಂತು, ಸೆಕೆಗೆ ನೀರು ಬಿಸಿಯಾಗಿ, ಹನ್ನೆರಡೂ ಮೀನು ಮೇಲೆ ಬಂದು ಬಾಯಿ ಬಿಡತೊಡಗಿದವು. ಬಿಸಿ ನೀರಿನಲ್ಲಿ ಗಾಳಿ ಕಡಿಮೆ ಕರಗುತ್ತದೆ. ತಂಬಿಗೆಯಲ್ಲಿ ಅದೇ ನೀರು ಮೊಗೆದು ಎತ್ತರದಿಂದ ಸುರಿಯುತ್ತ ಕುಳಿತೆವು, ಒಂದು ಸಲ ನಾನು, ಒಂದು ಸಲ ನನ್ನವಳು, ಒಂದು ಸಲ ಮಗ. ಒಂದು ಗಂಟೆಗೆ ಅವ್ವ ಎದ್ದು ಬಂದಳು. "ಸರಿ, ನೀವು ಮಲಗ್ರಿ, ನನಗ ಹೆಂಗೂ ನಿದ್ದಿ ಬರಾಂಗಿಲ್ಲ" ಎಂದು ನನ್ನ ಕೈಯಿಂದ ತಂಬಿಗೆ ಇಸಿದುಕೊಂಡಳು. ಕರೆಂಟು ಬಂದಾಗ ನಾಲ್ಕು ಹೊಡೆದಿತ್ತು. ಮರುದಿನವೇ ಬ್ಯಾಟರಿಯ ಗಾಳಿ ಪಂಪು ತಂದೆ.

ಕಳೆದ ತಿಂಗಳು ಒಂದು ಹಳದಿ ಹೆಣ್ಣು ತಿನ್ನುವುದನ್ನು ಬಿಟ್ಟಿತು, ಗದ್ದ ಉಬ್ಬಿತ್ತು. ರೋಗವೆಂದು ನಾನು ಗಾಬರಿಯಾದೆ. ಇವು ಮೊಟ್ಟೆಗಳನ್ನು ಬಾಯಲ್ಲೇ ಇಟ್ಟುಕೊಂಡು ಮರಿ ಮಾಡುತ್ತವಂತೆ, ಮೂರು ವಾರ ಒಂದು ಕಾಳೂ ಮುಟ್ಟದೆ. ಅವ್ವ ದಿನಾಲೂ ಬಸದಿಗೆ ಹೋಗಿಬಂದು ಅದರ ಉಪವಾಸದ ದಿನ ಎಣಿಸಿದಳು. ಉಳಿದವು ಮರಿಗಳನ್ನು ತಿಂದಾವೆಂದು ಎರಡಡಿಯ ಹಳೆ ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸಿ ತಾಯಿಯನ್ನು ಅದರಲ್ಲಿ ಬಿಟ್ಟೆವು. ಹದಿನೇಳು ಮರಿಗಳಾಗಿವೆ. ಸೋಲಾಪುರದಲ್ಲಿ ಇನ್ನಾರಾದರೂ ನಾಲ್ಕಡಿಯ ಪೆಟ್ಟಿಗೆ ಖಾಲಿ ಮಾಡುವವರಿದ್ದಾರೇನೋ ಎಂದು ಮಗ ವಿಚಾರಿಸುತ್ತಿದ್ದಾನೆ. ಅವ್ವ ಇನ್ನೂ ಬೇಡ ಅಂದಿಲ್ಲ.