ತೂಕದ ಬೆಲೆ, ಮುದ್ರೆಯ ಮೌಲ್ಯ

ವರ್ತಕನ ಕೈಗೆ ಬರುವ ವಸ್ತುಗಳಲ್ಲಿ ನಾಣ್ಯದಷ್ಟು ಇಬ್ಬಗೆಯ ಸ್ವಭಾವದ್ದು ಮತ್ತೊಂದಿಲ್ಲ. ಅದು ಲೋಹವೂ ಹೌದು, ಲೇಖವೂ ಹೌದು. ಲೋಹವೆಂದು ಬಗೆದರೆ ತಕ್ಕಡಿಯೇ ಅದರ ಬೆಲೆಯನ್ನು ಹೇಳುತ್ತದೆ. ಲೇಖವೆಂದು ಬಗೆದರೆ ಅದರ ಮುದ್ರೆ, ವರ್ಷ, ಸ್ಥಿತಿಗಳನ್ನು ಓದಬೇಕಾಗುತ್ತದೆ. ಚಿನಿವಾರ ಪೇಟೆಯಲ್ಲಿ ಬೆಳ್ಳಿಯ ಧಾರಣೆ ಏರಿದಾಗಲೆಲ್ಲ ಮೊದಲನೆಯ ದೃಷ್ಟಿಯು ಎರಡನೆಯದನ್ನು ನುಂಗಿಬಿಡುತ್ತದೆ.

ಇದು ಹೊಸ ಮಾತಲ್ಲ. ಬ್ರಿಟಿಷರ ಕಾಲದ ಬೆಳ್ಳಿಯ ರೂಪಾಯಿ 11.66 ಗ್ರಾಂ ತೂಗುತ್ತಿತ್ತು. ಅದೇ ಒಂದು ತೊಲದ ತೂಕ. ಹಿಂದಿನ ತಲೆಮಾರಿನವರು ಅಕ್ಕಸಾಲಿಗೆ ‘ಇಷ್ಟು ರೂಪಾಯಿ ತೂಕ’ ಎಂದೇ ಲೆಕ್ಕ ಹೇಳುತ್ತಿದ್ದರು. ಎಷ್ಟೋ ರೂಪಾಯಿಗಳು ಮೂಸೆಯಲ್ಲಿ ಕರಗಿ ಕಾಲ್ಗಡಗಗಳಾದವು. 1940ರಲ್ಲಿ ರೂಪಾಯಿಯ ಬೆಳ್ಳಿ ಅರ್ಧಕ್ಕೆ ಇಳಿಯಿತು. 1947ರ ರೂಪಾಯಿ ನಿಕ್ಕಲಿನದಾಯಿತು. ಅಲ್ಲಿಂದ ಮುಂದೆ ಬೆಳ್ಳಿಯು ಕೇವಲ ಸ್ಮಾರಕ ನಾಣ್ಯಗಳಲ್ಲಿ ಉಳಿಯಿತು. ಗಾಂಧೀಜಿಯವರ ಶತಮಾನೋತ್ಸವಕ್ಕೆಂದು ಹೊರಟ ಹತ್ತು ರೂಪಾಯಿಯ ನಾಣ್ಯ 15 ಗ್ರಾಂ ತೂಕದ್ದು, ನೂರಕ್ಕೆ ಎಂಬತ್ತು ಪಾಲು ಬೆಳ್ಳಿಯದು. ಸ್ವಾತಂತ್ರ್ಯದ ಬೆಳ್ಳಿಹಬ್ಬಕ್ಕೆ 1972ರಲ್ಲಿ ಹೊರಟದ್ದು 22.5 ಗ್ರಾಂ ತೂಕದ್ದು, ಅರ್ಧ ಬೆಳ್ಳಿಯದು.

ಇಂಥ ನಾಣ್ಯಗಳನ್ನು ಸರ್ಕಾರದ ಟಂಕಸಾಲೆಯು ‘ಪ್ರೂಫ್ ಸೆಟ್’ ಎಂಬ ಹೆಸರಿನಲ್ಲಿ ಪೆಟ್ಟಿಗೆಯೊಳಗಿಟ್ಟು ಸಂಗ್ರಾಹಕರಿಗೆ ಮಾರುತ್ತದೆ. ಪ್ರೂಫ್ ನಾಣ್ಯವು ಚಲಾವಣೆಗಾಗಿ ಹುಟ್ಟಿದ್ದಲ್ಲ. ಹೊಳಪು ಕೊಟ್ಟ ಬಿಲ್ಲೆಯನ್ನು ಹೊಳಪು ಕೊಟ್ಟ ಅಚ್ಚಿನ ಕೆಳಗಿಟ್ಟು, ಸಾಮಾನ್ಯವಾಗಿ ಒಂದಕ್ಕಿಂತ ಹೆಚ್ಚು ಬಾರಿ ಒತ್ತಿ ಅದನ್ನು ಸಿದ್ಧಪಡಿಸುತ್ತಾರೆ. ಅದರ ಬಯಲು ಕನ್ನಡಿಯಂತೆ ಹೊಳೆಯುತ್ತದೆ. ಬೆರಳಿನ ಒಂದು ಗುರುತು ಬಿದ್ದರೂ ಆ ಹೊಳಪು ಮಾಸುತ್ತದೆ.

ಜೈನ ಕುಟುಂಬಗಳಿಗೂ ಬಸದಿಗಳಿಗೂ ಈ ವಿಷಯ ದೂರದ್ದಲ್ಲ. ಭಗವಾನ್ ಮಹಾವೀರರ 2600ನೆಯ ಜನ್ಮಕಲ್ಯಾಣಕದ ನಿಮಿತ್ತ 2001ರಲ್ಲಿ ಭಾರತ ಸರ್ಕಾರವು ಐದು ರೂಪಾಯಿಯ ಮತ್ತು ನೂರು ರೂಪಾಯಿಯ ನಾಣ್ಯಗಳನ್ನು ಹೊರತಂದಿತು. 2550ನೆಯ ನಿರ್ವಾಣ ಮಹೋತ್ಸವದ ನಾಣ್ಯವು 2024ರ ಏಪ್ರಿಲ್ 21ರಂದು ದೆಹಲಿಯಲ್ಲಿ ಬಿಡುಗಡೆಯಾಯಿತು. 2001ರ ನೂರು ರೂಪಾಯಿಯ ನಾಣ್ಯ 35 ಗ್ರಾಂ ತೂಗುತ್ತದೆ. ಅದರಲ್ಲಿ ಅರ್ಧ, ಎಂದರೆ 17.5 ಗ್ರಾಂ ಬೆಳ್ಳಿ. ಆ ವರ್ಷ ಬೆಳ್ಳಿಯ ಧಾರಣೆ ಕಿಲೋಗೆ ಹತ್ತು ಸಾವಿರ ರೂಪಾಯಿಯ ಒಳಗಿದ್ದುದರಿಂದ, ಕರಗಿಸಿದರೆ 175 ರೂಪಾಯಿಯೂ ಹುಟ್ಟುತ್ತಿರಲಿಲ್ಲ. 2025ರಲ್ಲಿ ಧಾರಣೆಯು ಒಂದೂವರೆ ಲಕ್ಷವನ್ನು ದಾಟಿದಾಗ ಅದೇ ಬೆಳ್ಳಿಯ ಲೆಕ್ಕ 2,625 ರೂಪಾಯಿಯನ್ನು ಮೀರಿತು. ಅಪರಿಗ್ರಹವನ್ನು ಬೋಧಿಸಿದ ಮಹಾತ್ಮನ ಹೆಸರಿನ ನಾಣ್ಯವೇ ಆಸೆಯ ಒರೆಗಲ್ಲಾಯಿತು.

ಆ ದಿನಗಳಲ್ಲಿ ತಿರುಮಕೂಡಲು ನರಸೀಪುರದ ಒಂದು ಕುಟುಂಬದವರು, ಹಿರಿಯರು ತೀರಿಕೊಂಡ ಮೇಲೆ ಪಾಲಿಗಾಗಿ ಮನೆಯ ಬೆಳ್ಳಿಯನ್ನೆಲ್ಲ ಗಂಟು ಕಟ್ಟಿ ನಂಜನಗೂಡಿನ ಅಂಗಡಿಯೊಂದಕ್ಕೆ ತಂದರು. ತಗ್ಗುಬಿದ್ದ ಲೋಟಗಳು, ತುಂಡಾದ ಗೆಜ್ಜೆ, ಒಂದು ಕುಂಕುಮದ ಭರಣಿ. ಅವುಗಳ ನಡುವೆ ಮಹಾವೀರರ ನಾಣ್ಯಗಳ ಪೆಟ್ಟಿಗೆ. ಅಂಗಡಿಯ ಹುಡುಗನು ತೂಕಕ್ಕೆಂದು ಪೆಟ್ಟಿಗೆಯಿಂದ ನಾಣ್ಯವನ್ನು ಬಿಡಿಸಲು ಹೊರಟಾಗ ಯಜಮಾನರು ತಡೆದರು.

“ಇದನ್ನು ತಕ್ಕಡಿಗೆ ಹಾಕಬೇಡವಪ್ಪಾ,” ಎಂದು ಅವನಿಗೆ ಹೇಳಿ, ಹಿರಿಯ ಮಗಳ ಕಡೆ ತಿರುಗಿದರು: “ತಾಯೀ, ಇದು ಬರಿಯ ಬೆಳ್ಳಿಯಲ್ಲ. ಸಂಗ್ರಹ ಮಾಡುವವರು ಪೆಟ್ಟಿಗೆಯ ಸಮೇತ ಕೇಳುತ್ತಾರೆ. ನಾನು ಕೊಡಬಹುದಾದದ್ದು ಬೆಳ್ಳಿಯ ಬೆಲೆ ಮಾತ್ರ. ವಿಚಾರಿಸಿ ನೋಡಿ, ಆಮೇಲೆ ನಿಮ್ಮ ಇಷ್ಟ.”

“ತೂಕಕ್ಕೆ ಎಷ್ಟಾಗುತ್ತದೆ ಯಜಮಾನರೇ?” ಎಂದು ಆಕೆ ಕೇಳಿದರು. ಅವರು ಲೆಕ್ಕವನ್ನು ಕಾಗದದ ಮೇಲೆ ಬರೆದು ತೋರಿಸಿದರು. ಉಳಿದ ಬೆಳ್ಳಿ ಮಾರಾಟವಾಯಿತು. ಅಷ್ಟು ಹಣವನ್ನು ತನ್ನ ಪಾಲಿನಲ್ಲಿ ಮುರಿದುಕೊಂಡು ಆಕೆ ಪೆಟ್ಟಿಗೆಯನ್ನು ಮನೆಗೆ ಒಯ್ದರು. ತಮ್ಮಂದಿರೂ ಒಪ್ಪಿದರು.

ಯಜಮಾನರು ಮೌನವಾಗಿದ್ದರೆ ಯಾರೂ ಅವರನ್ನು ದೂರುತ್ತಿರಲಿಲ್ಲ, ತಕ್ಕಡಿಯೂ ಸುಳ್ಳಾಡುತ್ತಿರಲಿಲ್ಲ. ಆದರೆ ತಾನು ಬಲ್ಲುದನ್ನು ಮಾರುವವನು ಅರಿಯನೆಂಬ ಕಾರಣದಿಂದ ಬರುವ ಲಾಭ ಎಂಥದು? ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಕಳ್ಳ ತೂಕ, ಕಳ್ಳ ಅಳತೆಗಳಂತೆಯೇ ರಾಜ್ಯದ ನಿಯಮವನ್ನು ಮೀರುವುದೂ ಸೇರಿದೆ. 2011ರ ನಾಣ್ಯ ಕಾಯಿದೆಯು ನಾಣ್ಯಗಳನ್ನು ಕರಗಿಸುವುದನ್ನು ನಿಷೇಧಿಸಿದೆ. ಸ್ಮಾರಕ ನಾಣ್ಯವೂ ಆ ಕಾಯಿದೆಯ ವ್ಯಾಖ್ಯೆಯೊಳಗೆ ಬರುತ್ತದೆ. ಖಾಸಗಿಯವರು ದೇವರ ಚಿತ್ರ ಒತ್ತಿ ಮಾರುವ ಬೆಳ್ಳಿಯ ಬಿಲ್ಲೆಗಳ ವಿಷಯ ಬೇರೆ. ಅವು ನಾಣ್ಯಗಳಲ್ಲ, ಲೋಹವೇ. ಈ ಭೇದವನ್ನು ತಿಳಿಸುವುದು ಕೊಳ್ಳುವವನ ಧರ್ಮ.

ಲೌಕಿಕ ದೃಷ್ಟಿಯಿಂದಲೂ ಆತುರ ಸಲ್ಲದು. ಅರ್ಧ ಬೆಳ್ಳಿಯ ಮಿಶ್ರಲೋಹಕ್ಕೆ ಶುದ್ಧೀಕರಣದ ಖರ್ಚನ್ನು ಮುರಿದೇ ಹಣ ಕೊಡುತ್ತಾರೆ. 1980ರ ಜನವರಿಯಲ್ಲಿ ಬೆಳ್ಳಿಯು ಔನ್ಸಿಗೆ 50 ಡಾಲರಿನ ಸಮೀಪಕ್ಕೆ ಏರಿದಾಗ ಅಮೆರಿಕದಲ್ಲಿ ಅಪಾರ ಬೆಳ್ಳಿಯ ನಾಣ್ಯಗಳು ಕುಲುಮೆಗೆ ಹೋದವು. ಮಾರ್ಚ್ ಕೊನೆಯ ಹೊತ್ತಿಗೆ ಧಾರಣೆ 11 ಡಾಲರಿನ ಕೆಳಗೆ ಕುಸಿಯಿತು. ಇಳಿದ ಧಾರಣೆ ಮತ್ತೊಮ್ಮೆ ಏರಬಹುದು. ಕರಗಿದ ಮುದ್ರೆ ಮಾತ್ರ ಮರಳಿ ಮೂಡುವುದಿಲ್ಲ.

ಹಾಗೆಂದು, ಬೆಲೆ ಇನ್ನೂ ಏರಲೆಂದು ಪೆಟ್ಟಿಗೆಗಳನ್ನು ಕೂಡಿಹಾಕುವುದು ರಕ್ಷಣೆಯಲ್ಲ. ಅದು ಪರಿಗ್ರಹದ ಇನ್ನೊಂದು ಮುಖ. ಆಸ್ಪತ್ರೆಯ ಖರ್ಚಿಗೋ ಮಕ್ಕಳ ವಿದ್ಯೆಗೋ ಮಾರಬೇಕಾಗಿ ಬಂದರೆ ಮಾರುವುದರಲ್ಲಿ ದೋಷವಿಲ್ಲ. ಕುಲುಮೆಯವನಿಗಲ್ಲದೆ ಕಾಯ್ದಿಡುವವನಿಗೆ ಮಾರಿದರೆ ಸಾಕು.

ಬಸದಿಗಳ ಟ್ರಸ್ಟಿನವರ ಹೊಣೆ ಇದಕ್ಕಿಂತ ಹೆಚ್ಚಿನದು. ಭಕ್ತರು ಕಾಣಿಕೆಯಾಗಿ ಒಪ್ಪಿಸಿದ ನಾಣ್ಯಗಳು ‘ಹಳೆಯ ಬೆಳ್ಳಿ, ಇಷ್ಟು ಕಿಲೋ’ ಎಂಬ ಒಂದೇ ಸಾಲಿನಲ್ಲಿ ಹರಾಜಿಗೆ ಹೋಗುವ ಮೊದಲು ಅವುಗಳನ್ನು ಬೇರ್ಪಡಿಸಿ, ವರ್ಷ, ಮುಖಬೆಲೆ, ಪೆಟ್ಟಿಗೆ, ದಾನಿಯ ಹೆಸರುಗಳನ್ನು ಪಟ್ಟಿಯಲ್ಲಿ ಬರೆಯಬೇಕು. ಹುಣಸೆಹುಳಿ, ವಿಭೂತಿಗಳಿಂದ ಅವನ್ನು ಉಜ್ಜಬಾರದು, ಅಭಿಷೇಕಕ್ಕೆ ಇಡಬಾರದು, ಮುಟ್ಟಲೇಬೇಕಾದರೆ ಅಂಚನ್ನು ಮಾತ್ರ ಹಿಡಿಯಬೇಕು. ತೇವವಿಲ್ಲದ ಕಪಾಟಿನಲ್ಲಿ ಮೂಲ ಪೆಟ್ಟಿಗೆಯೊಡನೆಯೇ ಇರಿಸಬೇಕು. ಬಸದಿಯ ಸೊತ್ತು ಟ್ರಸ್ಟಿಗಳ ಸ್ವಂತದ್ದಲ್ಲ. ಅವರ ಕೈಯಲ್ಲಿರುವುದು ನ್ಯಾಸ ಮಾತ್ರ. ಅದು ಏನೆಂದು ತಿಳಿಯುವ ಮೊದಲೇ ತೂಗಿಬಿಡುವುದು ಆ ನ್ಯಾಸಕ್ಕೆ ಮಾಡಿದ ದ್ರೋಹವೇ ಸರಿ.